‘ಗುಂಡು ಹಾಕ್ಬೇಕು’ ಅಂದಿದ್ದೆ

2016ರ ಸೆಪ್ಟೆಂಬರ್ 12, ಸೋಮವಾರ. ಕಾವೇರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ತನ್ನ ಹಿಂದಿನ ಆದೇಶವನ್ನು ತಿದ್ದಿ, 15,000 ಕ್ಯೂಸೆಕ್ ಬದಲು 12,000 ಕ್ಯೂಸೆಕ್ ಬಿಡಿ ಎಂದು ಹೇಳಿದ ದಿನ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನಲ್ಲಿ ಬೆಂಕಿ ಬಿದ್ದಿತ್ತು. ‘ಎಲ್ಲರೂ ಬೇಗ ಮನೆ ಸೇರಿಕೊಳ್ಳಿ’ ಅಂತ ಆಫೀಸಿನಿಂದ ಮೇಲ್ ಬಂತು. ಆದರೆ ಸೇರಿಕೊಳ್ಳೋದು ಹೇಗೆ? ಕ್ಯಾಬ್ ಇಲ್ಲ, ಬಸ್ ಇಲ್ಲ. ಲ್ಯಾಪ್‌ಟಾಪ್ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ನಡೆಯೋಕೆ ಶುರು ಮಾಡಿದೆ. ದಾರಿಯಲ್ಲಿ ಫೋನ್ ನೋಡಿದರೆ ಒಂದು ಡಿಪೋದಲ್ಲಿ ನಲವತ್ತಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಉರೀತಿರೋ ವಿಡಿಯೋ. ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ‘ಕಂಡಲ್ಲಿ ಗುಂಡು’ ಅಂತ ಹಾಕಿದ್ದರು. ಅದರ ಕೆಳಗೆ ನಾನೂ ಒಂದು ಹೆಬ್ಬೆರಳು ಒತ್ತಿದೆ. ಸಾಲದು ಅಂತ ‘ನಾಲ್ಕು ಜನಕ್ಕೆ ಗುಂಡು ಹಾಕಿದ್ರೆ ಎಲ್ಲಾ ಸರಿಹೋಗುತ್ತೆ’ ಅಂತ ಟೈಪೂ ಮಾಡಿದೆ.

ಅವತ್ತು ಸಂಜೆ ರಾಜಗೋಪಾಲನಗರದ ಹತ್ತಿರ, ಹೆಗ್ಗನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತೈದರ ಒಬ್ಬ ಹುಡುಗ ಸತ್ತ. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಬಸ್ಸುಗಳು ಉರಿದದ್ದು ಒಂದು ಕಡೆ, ಗುಂಡು ಬಿದ್ದದ್ದು ಇನ್ನೊಂದು ಕಡೆ.

ರಾತ್ರಿ ಊರಿಂದ ಅಪ್ಪನ ಫೋನು. ನಮ್ಮದು ನರಗುಂದದ ಬಗಲಿನ ಒಂದು ಹಳ್ಳಿ. ಟಿವಿ ನೋಡಿ ಗಾಬರಿಯಾಗಿದ್ದರು. ಮನೆ ಮುಟ್ಟಿದೆ ಅಂತ ಹೇಳಿ, ನಡೆದು ಕಾಲು ನೋವಾಗಿದ್ದ ಸಿಟ್ಟಿನಲ್ಲಿ ಅದೇ ಮಾತು ಅಂದೆ: “ಇಂಥಾವ್ರಿಗೆ ಗುಂಡ ಹಾಕಬೇಕ ನೋಡಪಾ.” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಸುಟ್ಟಾವ್ರು ಗುಂಡ ಬೀಳೂತನಕ ಅಲ್ಲೇ ನಿಂತಿರ್ತಾರೇನ್ ತಮ್ಮಾ?” ಅಷ್ಟೇ. ಊಟ ಆತೇನು ಅಂತ ಕೇಳಿ ಫೋನಿಟ್ಟರು.

ಅಪ್ಪ ಹಾಗೆ ಯಾಕೆ ಕೇಳಿದರು ಅನ್ನೋದು ನರಗುಂದದ ಕಡೆಯವರಿಗೆ ಹೇಳಬೇಕಿಲ್ಲ. ಬೆಂಗಳೂರಿನ ನನ್ನ ಗೆಳೆಯರಿಗೆ ಹೇಳಬೇಕು.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಕಡೆ ಎರೆಮಣ್ಣಿನ ರೈತರಿಗೆ ನೀರಿನ ಆಸೆ ಹುಟ್ಟಿತು. ಕಾಲುವೆ ಬಂತು. ಕೆಲವರ ಹೊಲಕ್ಕೆ ನೀರೂ ಬಂತು. ಎಲ್ಲರ ಹೊಲಕ್ಕೂ ಬಂದದ್ದು ನೋಟಿಸು: ನೀರಿನ ಕರ, ಅದರ ಮೇಲೆ ‘ಅಭಿವೃದ್ಧಿ ಕರ’. ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಆ ಏರಿಕೆಯಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಅನ್ನೋದು ಅದರ ತರ್ಕ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಚ್ಚುಕಟ್ಟಿನ ನಕ್ಷೆಯಲ್ಲಿ ಹೊಲ ಇದ್ದರೆ ಸಾಕು, ನೀರು ಹರಿಯದವನಿಗೂ ಕರ. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯ ಬೆಲೆ ಬಿತ್ತು. ಮನವಿ ಕೊಟ್ಟರು, ಸಭೆ ಮಾಡಿದರು, ಕಚೇರಿ ಮುಂದೆ ಕೂತರು. ಗುಂಡೂರಾವ್ ಅವರ ಸರ್ಕಾರ ಹೊಸದು. ರೈತರ ಮನವಿ ಅದರ ಕಿವಿಗೆ ಬೀಳಲಿಲ್ಲ.

1980ರ ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಸಾವಿರಾರು ರೈತರು ಸೇರಿದರು. ಗಲಾಟೆಯಾಯಿತು, ಕಲ್ಲು ತೂರಾಟವಾಯಿತು, ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಜನರ ಕೈಯಲ್ಲಿ ಸತ್ತರು. ನಮ್ಮ ಕಡೆಯ ಭಾಷಣಗಳಲ್ಲಿ ಈ ಕೊನೆಯ ವಾಕ್ಯ ಬರೋದು ಕಡಿಮೆ. ಹುತಾತ್ಮರ ಹೆಸರು ಬಾಯಿಪಾಠ, ಆ ಪೊಲೀಸರ ಹೆಸರು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರೋ ಕತೆ. ಚಳವಳಿ ರಾಜ್ಯಕ್ಕೆ ಹಬ್ಬಿತು, ಬೇರೆ ಊರುಗಳಲ್ಲೂ ಗುಂಡು ಹಾರಿತು. ಸರ್ಕಾರ ಕೊನೆಗೆ ಕರದಲ್ಲಿ ರಿಯಾಯಿತಿ ಕೊಟ್ಟಿತು. ರೈತಸಂಘ ಹುಟ್ಟಿತು. ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿ ಹೆಸರಾದರು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸೋತರು. ರಿಯಾಯಿತಿ ಕೊಡೋದಕ್ಕೆ ಎರಡು ಹೆಣ ಯಾಕೆ ಬೇಕಿತ್ತು ಅನ್ನೋದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ.

ಹಿಂದಕ್ಕೆ ಹೋದರೂ ಇದೇ ಕಾಣುತ್ತೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸೋಕೆ ಸೇರಿದ್ದರು. ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನ ಅಂತ ಸರ್ಕಾರ, ಮೂವತ್ತಕ್ಕೂ ಹೆಚ್ಚು ಅಂತ ಜನ. ಬ್ರಿಟಿಷರಲ್ಲ, ನಮ್ಮದೇ ಮಹಾರಾಜರ ಸರ್ಕಾರ, ನಮ್ಮದೇ ದಿವಾನ್ ಮಿರ್ಜಾ ಇಸ್ಮಾಯಿಲ್. ಬೃಂದಾವನದ ಬಗ್ಗೆ ಓದುವಾಗ ನಾವು ಹೊಗಳುವ ಅದೇ ಮಿರ್ಜಾ. ಗಾಂಧಿ ಕಳಿಸಿದ ಪಟೇಲ್ ಮತ್ತು ಕೃಪಲಾನಿ ಬಂದರು, ಮಾತುಕತೆಯಾಯಿತು. ಕೆಲವೇ ವಾರಗಳಲ್ಲಿ ಸಂಸ್ಥಾನದ ಬಾವುಟದ ಜೊತೆ ಆ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಏಪ್ರಿಲ್‌ನಲ್ಲಿ ಗುಂಡಿಗೆ ಗುರಿಯಾದ ಕೆಲಸ ಮಳೆಗಾಲದ ಹೊತ್ತಿಗೆ ಕಾನೂನುಬದ್ಧ.

1954ರಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ತಮಿಳು ಮಾತಾಡುವ ತಾಲ್ಲೂಕುಗಳು ಮದ್ರಾಸಿಗೆ ಸೇರಬೇಕು ಅಂತ ಚಳವಳಿ ನಡೀತು. ಆಗಸ್ಟ್ 11ರಂದು ಮಾರ್ತಾಂಡಂ ಮತ್ತು ಪುದುಕ್ಕಡೈನಲ್ಲಿ ಪೊಲೀಸರು ಗುಂಡು ಹಾರಿಸಿ ಜನ ಸತ್ತರು. ಅಲ್ಲಿದ್ದದ್ದು ಪ್ರಜಾ ಸೋಷಲಿಸ್ಟ್ ಪಕ್ಷದ ಸರ್ಕಾರ, ಪಟ್ಟಂ ಥಾಣು ಪಿಳ್ಳೈ ಮುಖ್ಯಮಂತ್ರಿ. ಆ ಪಕ್ಷದ ಪ್ರಧಾನ ಕಾರ್ಯದರ್ಶಿ ರಾಮಮನೋಹರ ಲೋಹಿಯಾ. 1951ರಲ್ಲಿ ನಮ್ಮ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು. ಅವರು ಬೇರೆ ಪಕ್ಷದವರ ರಾಜೀನಾಮೆ ಕೇಳಲಿಲ್ಲ. ತಮ್ಮದೇ ಸರ್ಕಾರ ರಾಜೀನಾಮೆ ಕೊಡಬೇಕು ಅಂದರು. ಪಕ್ಷ ಒಪ್ಪಲಿಲ್ಲ, ಲೋಹಿಯಾ ಹುದ್ದೆ ಬಿಟ್ಟರು, ಮುಂದೆ ಪಕ್ಷವೇ ಒಡೆಯಿತು. ಅವರ ಹಟಮಾರಿತನದಿಂದ ಸಮಾಜವಾದಿಗಳು ಹಾಳಾದರು ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ತನ್ನ ಕಡೆಯವರು ಹಾರಿಸಿದ ಗುಂಡಿಗೆ ಲೆಕ್ಕ ಕೇಳಿದ ಇನ್ನೊಬ್ಬ ರಾಜಕಾರಣಿಯ ಹೆಸರು ಹೇಳಿ ಅಂದರೆ ನನಗೆ ತಟ್ಟನೆ ಹೊಳೆಯೋದಿಲ್ಲ. ಅಂದಹಾಗೆ, ಆ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯ ಸೇರಿದವು.

ಹಾಗಂತ ಎಲ್ಲ ಗುಂಪೂ ನ್ಯಾಯ ಕೇಳೋಕೆ ಬಂದಿರುತ್ತೆ ಅಂತಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನಲ್ಲಿ ಒಂದು ಫೇಸ್‌ಬುಕ್ ಪೋಸ್ಟಿನ ನೆಪದಲ್ಲಿ ಶಾಸಕರ ಮನೆ ಸುಟ್ಟರು, ಡಿ.ಜೆ. ಹಳ್ಳಿ ಠಾಣೆಗೆ ನುಗ್ಗಿದರು. ಪೊಲೀಸರ ಗುಂಡಿಗೆ ಮೂವರು ಸತ್ತರು. ಅಲ್ಲಿ ಕೊಟ್ಟು ಸುಮ್ಮನಾಗಿಸಬಹುದಾದ ಬೇಡಿಕೆಯೇ ಇರಲಿಲ್ಲ. ಠಾಣೆಯೊಳಗೆ ಸಿಕ್ಕಿಬಿದ್ದ ಕಾನ್‌ಸ್ಟೇಬಲ್ ಏನು ಮಾಡಬೇಕಿತ್ತು? 1922ರಲ್ಲಿ ಚೌರಿಚೌರಾದಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದಮೇಲೆ ಜನ ಠಾಣೆಗೇ ಬೆಂಕಿ ಹಚ್ಚಿ ಇಪ್ಪತ್ತಕ್ಕೂ ಹೆಚ್ಚು ಪೊಲೀಸರನ್ನು ಸುಟ್ಟರು. ಗಾಂಧಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದು ಅದಕ್ಕೆ. ಮೈಮೇಲೆ ಬೆಂಕಿ ಬರುವಾಗ ಗುಂಡು ಹಾರಿಸಬೇಡ ಅಂತ ನಾನು ಎಸಿ ರೂಮಿನಿಂದ ಹೇಳಲಾರೆ.

ಇನ್ನೊಂದು ನಾಚಿಕೆಯ ವಿಷಯ. 2016ರಲ್ಲಿ ‘ಕಂಡಲ್ಲಿ ಗುಂಡು’ ಅಂದವರಲ್ಲಿ ಕೆಲವರು, ಸತ್ತವನು ಕನ್ನಡದ ಹುಡುಗ ಅಂತ ಗೊತ್ತಾದಾಗ ‘ಪಾಪ’ ಅಂದರು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಗೋಲಿಬಾರಿಗೆ ಇಬ್ಬರು ಸತ್ತಾಗ, 2020ರಲ್ಲಿ ಮೂವರು ಸತ್ತಾಗ, ಅದೇ ಗ್ರೂಪಿನಲ್ಲಿ ‘ಪಾಪ’ ಅಂದವರು ಬೇರೆ, ‘ಸರಿಯಾಯ್ತು’ ಅಂದವರು ಬೇರೆ. ಗುಂಡಿನ ಬಗ್ಗೆ ನಮ್ಮ ಅಭಿಪ್ರಾಯ ಸತ್ತವನ ಹೆಸರು ಗೊತ್ತಾಗೋವರೆಗೆ ಮಾತ್ರ ಗಟ್ಟಿ.

ಕಾನೂನು ಏನು ಹೇಳುತ್ತೆ ಅಂತ ಒಂದು ಭಾನುವಾರ ಕೂತು, ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದೋ ಹಾಗೆ ಓದಿದೆ. ಹಳೆಯ ಇಂಗ್ಲೆಂಡಿನ ರಾಯಟ್ ಆಕ್ಟ್ ಪ್ರಕಾರ ಹನ್ನೆರಡು ಜನ ಸೇರಿ ಗಲಭೆ ಮಾಡಿದರೆ ಅಧಿಕಾರಿ ಘೋಷಣೆ ಓದಬೇಕು, ಚದುರೋಕೆ ಒಂದು ಗಂಟೆ ಕೊಡಬೇಕು. ನಮ್ಮಲ್ಲಿ ಬ್ರಿಟಿಷರು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬರೆದದ್ದು 1973ರಲ್ಲಿ 129ನೇ ಕಲಂ ಆಗಿ ಉಳಿಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 148ನೇ ಕಲಂ. ಐದು ಜನ ಸಾಕು. ಗಂಟೆಯ ಮಾತೇ ಇಲ್ಲ. ಚದುರಿ ಅಂತ ಆಜ್ಞೆ ಕೊಡಬೇಕು, ಚದುರದಿದ್ದರೆ ‘ಬಲ’ ಬಳಸಬಹುದು. ಎಷ್ಟು ಬಲ? ಕಲಂ ಹೇಳೋದಿಲ್ಲ. ತಮಾಷೆ ಅಂದರೆ, ಅದರ ಮುಂದಿನ ಕಲಂ ಸೈನ್ಯವನ್ನು ಕರೆಸೋದಕ್ಕೆ ಸಂಬಂಧಿಸಿದ್ದು. ಅಲ್ಲಿ ಮಾತ್ರ ‘ಸಾಧ್ಯವಾದಷ್ಟು ಕಡಿಮೆ ಬಲ, ಸಾಧ್ಯವಾದಷ್ಟು ಕಡಿಮೆ ಹಾನಿ’ ಅನ್ನೋ ಅರ್ಥದ ಮಾತಿದೆ. ಸೈನಿಕನಿಗೆ ಬರೆದ ಎಚ್ಚರಿಕೆಯನ್ನು ಪೊಲೀಸನಿಗೆ ಬರೆದಿಲ್ಲ. ಇನ್ನೆರಡು ಕಲಂ ದಾಟಿದರೆ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಸರ್ಕಾರದ ಅನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ.

ಉಳಿದದ್ದೆಲ್ಲ ಪೊಲೀಸ್ ಕೈಪಿಡಿಗಳಲ್ಲಿದೆ: ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಲಾಠಿ, ಕೊನೆಗೆ ಗುಂಡು, ಅದೂ ಕೆಳಕ್ಕೆ ಗುರಿಯಿಟ್ಟು. ಹಲವು ಕೈಪಿಡಿಗಳು ಗಾಳಿಯಲ್ಲಿ ಗುಂಡು ಹಾರಿಸೋದನ್ನು ಬೇಡ ಅನ್ನುತ್ತವೆ. ಸಿನಿಮಾ ನೋಡಿ ಬೆಳೆದ ನನಗೆ ಅದು ದಯೆಯ ಕೆಲಸ ಅನ್ನಿಸಿತ್ತು. ಆದರೆ ತಲೆಯ ಮೇಲೆ ಹಾರಿದ ಗುಂಡು ಎಲ್ಲೋ ಇಳಿಯಲೇಬೇಕಲ್ಲ. ಅದು ಇಳಿಯೋದು ಹಿಂದೆ ನಿಂತವನ ಮೇಲೆ, ಮಹಡಿಯಿಂದ ಇಣುಕಿದವರ ಮೇಲೆ. ಮುಂದೆ ನಿಂತು ಕಲ್ಲು ಹೊಡೆದವನು ಪಾರು.

ಈ ಕೈಪಿಡಿಗಳಲ್ಲಿ ಗುಂಡು ಶಿಕ್ಷೆ ಅಲ್ಲ. ಗುಂಪನ್ನು ಚದುರಿಸೋಕೆ ಕೊನೆಯ ಉಪಾಯ, ಅಷ್ಟೇ. ಬಸ್ ಸುಟ್ಟವನಿಗೆ ಶಿಕ್ಷೆ ಕೊಡೋಕೆ ಕೋರ್ಟಿದೆ, ಅಲ್ಲೂ ಬಸ್ ಸುಟ್ಟದ್ದಕ್ಕೆ ಗಲ್ಲು ಇಲ್ಲ. ನಾನು ಗ್ರೂಪಿನಲ್ಲಿ ಕೇಳಿದ್ದು ಶಿಕ್ಷೆಯನ್ನ. ಅದೂ ಯಾರಿಗೋ ಗೊತ್ತಿಲ್ಲದ ನಾಲ್ಕು ಜನಕ್ಕೆ. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿದ ತತ್ವ ನೇರವಾಗಿದೆ: ಪ್ರಾಣ ಉಳಿಸೋಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಪ್ರಾಣ ತೆಗೆಯುವ ಗುಂಡು. ಇದನ್ನೇ ನಮ್ಮ 148ರೊಳಗೆ ಬರೆಯಬೇಕು ಅನ್ನೋದು ನನ್ನ ಮಾತು. ಆ ಕ್ಷಣದಲ್ಲಿ ಯಾರ ಜೀವ ಅಪಾಯದಲ್ಲಿತ್ತು ಅಂತ ಕೇಳಬೇಕು, ಕೇಳುವವರು ಆ ಇಲಾಖೆಯವರಾಗಿರಬಾರದು. ಬಸ್ಸಿಗೆ ವಿಮೆ ಇರುತ್ತೆ.

ಕಳೆದ ಜುಲೈನಲ್ಲಿ ಊರಿಗೆ ಹೋದಾಗ ಹುತಾತ್ಮ ದಿನಕ್ಕೆ ಅಪ್ಪನ ಜೊತೆ ನರಗುಂದಕ್ಕೆ ಹೋಗಿದ್ದೆ. ಹಸಿರು ಶಾಲುಗಳು, ಮೈಕು, ಉದ್ದುದ್ದ ಭಾಷಣ. ವಾಪಸ್ ಬರುವಾಗ ಬೈಕಿನ ಹಿಂದೆ ಕೂತಿದ್ದ ಅಪ್ಪ ತಾವಾಗಿಯೇ ಹೇಳಿದರು. 1980ರಲ್ಲಿ ಅವರಿಗೆ ಹದಿನೇಳು. ಅಜ್ಜನ ಜೊತೆ ಚಕ್ಕಡಿಯಲ್ಲಿ ಬಂದಿದ್ದರಂತೆ.

“ನಾನೂ ಒಂದ್ ಕಲ್ಲ ಒಗದಿದ್ದೆ.”

ಬೈಕ್ ನಿಧಾನ ಮಾಡಿದೆ. “ಯಾರಿಗರೆ ಬಡೀತೇನಪಾ?”

“ತಿರುಗಿ ನೋಡಲಿಲ್ಲ,” ಅಂದರು. “ಓಡಿದೆ.”