ಸೋತವರು ಮನೆಗೆ

ನಮ್ಮ ಟೀಮಿನಲ್ಲಿ ಒಬ್ಬನಿದ್ದಾನೆ. ಹಾಲೆಂಡಿನ ಕೆಎನ್‌ವಿಬಿ ಕಪ್ ಮ್ಯಾಚಿಗೂ ರಾತ್ರಿ ಮೂರರವರೆಗೆ ಎದ್ದಿರೋ ಆಸಾಮಿ. ಬೆಳಿಗ್ಗೆ ಮೀಟಿಂಗಿಗೆ ಕೆಂಪು ಕಣ್ಣಲ್ಲಿ ಬರ್ತಾನೆ. ಮೊನ್ನೆ ಕಾಫಿಗೆ ನಿಂತಾಗ, ‘ಒಂದು ಮ್ಯಾಚ್ ಸೋತ್ರೆ ಸೀದಾ ಮನೆಗೆ, ಅದೇ ಮಜಾ ಮಗಾ. ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಬಿಡು’ ಅಂದ. ನಾನೂ ಹೂಂ ಅಂದೆ. ಹುಣಸೂರು ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಫುಟ್‌ಬಾಲ್ ಅಂದ್ರೆ ಗಾಳಿ ಹೋದ ಒಂದು ಚೆಂಡನ್ನು ಇಡೀ ಕ್ಲಾಸು ಅಟ್ಟಿಸಿಕೊಂಡು ಹೋಗೋದು, ಅಷ್ಟೇ. ಆದರೂ ರಾತ್ರಿ ಸುಮ್ಮನೆ ಹುಡುಕಿದೆ. ಇತ್ತು. ಅವನ ಹಾಲೆಂಡಿಗಿಂತ ಮೊದಲೇ ಇತ್ತು!

ಡಚ್ಚರ ಕಪ್ ಶುರುವಾಗಿದ್ದು 1898-99ರಲ್ಲಿ. ಬಾಂಬೆಯ ರೋವರ್ಸ್ ಕಪ್ 1891ರದ್ದು. ಮೊದಲ ಸಲ ಗೆದ್ದಿದ್ದು ವೂಸ್ಟರ್‌ಶೈರ್ ರೆಜಿಮೆಂಟ್. ಆಮೇಲೂ ಅದೇ ಕಥೆ, ಕಪ್ ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಸುತ್ತುತ್ತಿತ್ತು. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು.

1937ರಲ್ಲಿ ಆ ಕಥೆ ಮುರಿಯಿತು. ಮುರಿದದ್ದು ಬೆಂಗಳೂರಿನ ತಂಡ, ಬ್ಯಾಂಗಲೋರ್ ಮುಸ್ಲಿಮ್ಸ್. ಫೈನಲ್ಲಿನಲ್ಲಿ ಎದುರಿಗಿದ್ದದ್ದು ಸಾಮಾನ್ಯ ತಂಡ ಅಲ್ಲ, 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1-0. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದಾಯಿತು.

‘ಫೈನಲ್ಲಿನಲ್ಲಿ ಪಲ್ಟನ್ ಎದುರು ಆಡಲಿಲ್ವಲ್ಲ’ ಅಂತ ಯಾರಾದ್ರೂ ಕೊಂಕು ತೆಗೆಯಬಹುದಿತ್ತು. ಮಾರನೇ ವರ್ಷ ಅದಕ್ಕೂ ಉತ್ತರ ಸಿಕ್ಕಿತು. 1938ರ ಫೈನಲ್ಲಿನಲ್ಲಿ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಪಲ್ಟನ್ನನ್ನೇ 3-2ರಿಂದ ಸೋಲಿಸಿದರು. 1940ರಲ್ಲಿ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಕಪ್ ಮತ್ತೆ ಬೆಂಗಳೂರಿಗೆ ಬಂತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2-1ರಿಂದ ಸೋತಾಗ, ನಮ್ಮ ಆ ಒಂದು ಗೋಲು ಹೊಡೆದವರೂ ಬೆಂಗಳೂರಿನ ಸಾರಂಗಪಾಣಿ ರಾಮನ್.

ಇಷ್ಟೆಲ್ಲ ಆಗಿದ್ದರೂ ನಮಗ್ಯಾಕೆ ಗೊತ್ತಿಲ್ಲ? ನನಗನ್ನಿಸೋದು ಇದು. ಆ ಆಟ ಬೇರು ಬಿಟ್ಟಿದ್ದು ದಂಡಿನ ಬೀದಿಗಳಲ್ಲಿ. ಸಿಪಾಯಿಗಳು ಆಡೋದನ್ನ ನೋಡಿ ಸುತ್ತಲಿನ ಹುಡುಗರು ಕಲಿತರು. ದಂಡು ಪ್ರದೇಶ ಮೈಸೂರು ಮಹಾರಾಜರ ಆಡಳಿತಕ್ಕೆ ವಾಪಸ್ ಬಂದಿದ್ದೇ 1947ರ ಜುಲೈನಲ್ಲಿ. ಅಲ್ಲಿನ ಮಾತು ತಮಿಳು, ಉರ್ದು, ಇಂಗ್ಲಿಷ್. ನಮ್ಮ ಪಾಠಗಳ ‘ನಮ್ಮವರು’ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಆದರೆ ಅವರು ನಮ್ಮ ಹೆಸರು ಬಿಡಲಿಲ್ಲ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯ ಪಟ್ಟಿ ತೆಗೆದು ನೋಡಿ: 1946-47, 1952-53, 1967-68, 1968-69. ನಾಲ್ಕು ಸಲವೂ ಸೋತದ್ದು ಬಂಗಾಳ. ನಾಲ್ಕು ಸಲವೂ ಗೆದ್ದವರ ಹೆಸರು ‘ಮೈಸೂರು’. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯ್ತು. ಆ ಹೊಸ ಹೆಸರಿನಲ್ಲಿ ಮೊದಲ ಕಪ್ ಬಂದಿದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. 54 ವರ್ಷ ಕಾಯಬೇಕಾಯ್ತು. ಡೇಟಾಬೇಸಿನಲ್ಲಿ ಕಾಲಂ ಹೆಸರು ಬದಲಾದ್ರೆ ಹಳೇ ಕ್ವೆರಿ ಖಾಲಿ ಬರುತ್ತಲ್ಲ, ನಮ್ಮ ನೆನಪೂ ಹಾಗೇ ಆಗಿದೆ. ಡೇಟಾ ಅಲ್ಲೇ ಇದೆ, ನಾವು ಹುಡುಕೋ ಹೆಸರು ಬೇರೆ.

ಒಂದು ವಿಷಯ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೆಂಗಳೂರಿನಲ್ಲಿದ್ದೆ. ಬಸ್ಸು ಆಸ್ಟಿನ್ ಟೌನ್ ಕಡೆಯಿಂದ ಹೋಗುತ್ತಿತ್ತು. ಮೈದಾನದಲ್ಲಿ ಹುಡುಗರು ತಮಿಳಲ್ಲಿ ಕೂಗಾಡ್ತಾ ಫುಟ್‌ಬಾಲ್ ಆಡೋದು ಕಾಣಿಸಿದರೆ, ‘ಇವರು ನಮ್ಮ ಕಡೆಯವರಲ್ಲ’ ಅಂದ್ಕೊಂಡು ಮತ್ತೆ ಮೊಬೈಲ್ ನೋಡ್ತಿದ್ದೆ. ಮೈಸೂರು ಅನ್ನೋ ಹೆಸರನ್ನು ಆ ಪಟ್ಟಿಗೆ ಸೇರಿಸಿದ್ದು ಅಂಥ ಬೀದಿಗಳ ಹುಡುಗರೇ ಅಂತ ಆಗ ಯಾರಾದ್ರೂ ಹೇಳಿದ್ದರೆ ಒಂದು ಸ್ಟಾಪ್ ಮೊದಲೇ ಇಳೀತಿದ್ದೆನೇನೋ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಕಾಫಿ ಆರಿಹೋಗುವವರೆಗೂ ಕೇಳಿದ. ರೋವರ್ಸ್ ಕಪ್ 2000-01ರ ನಂತರ ನಡೆದಿಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, ‘ಭಾನುವಾರ ಆಸ್ಟಿನ್ ಟೌನಿಗೆ ಹೋಗಿ ಬರೋಣವಾ?’

ಹೊರಟಿದ್ದೀವಿ.