ಕಾಂತಚಿಕಿತ್ಸೆಯ ಯಂತ್ರ ಮನೆಗೆ ತರುವ ಮುನ್ನ: ಏನು ನಿಜ, ಏನು ಕೇಳಬೇಕು?

ಇಳಕಲ್ಲಿನಲ್ಲಿ ಸೀರೆ ನೇಯುವವರು ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಪೆಡಲ್ ತುಳಿಯುತ್ತಾರೆ. ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ಕೆಲಸಗಾರರು ಭಾರ ಎತ್ತುತ್ತಾರೆ, ಬಾದಾಮಿ ಸುತ್ತಲಿನ ಹೊಲಗಳಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವವರಿದ್ದಾರೆ. ಸೊಂಟ ಮತ್ತು ಮೊಣಕಾಲು ನೋವು ಇಂಥ ದುಡಿಮೆಗೆ ಅಂಟಿಕೊಂಡೇ ಬರುತ್ತದೆ. ನೋವಿರುವ ಕಡೆ ಮಾರಾಟಗಾರರೂ ಬರುತ್ತಾರೆ. "ದಿನಕ್ಕೆ ಅರ್ಧ ಗಂಟೆ ಈ ಪ್ಯಾಡ್ ಮೇಲೆ ಕುಳಿತರೆ ಸಾಕು, ಆಪರೇಷನ್ ಬೇಡ" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇಂಥ ಯಂತ್ರಗಳಿಗೆ ಕೆಲವು ಸಾವಿರದಿಂದ ಲಕ್ಷ ರೂಪಾಯಿಗೂ ಮೀರಿದ ಬೆಲೆ ಇರುತ್ತದೆ. ಅಷ್ಟು ಹಣ ಕೊಡುವ ಮೊದಲು ವಿಜ್ಞಾನ ಏನು ಹೇಳುತ್ತದೆ ಎಂದು ನೋಡೋಣ.

ಈ ಯಂತ್ರ ಮಾಡುವುದೇನು?

ಇದರ ಹೆಸರು ಪಿಇಎಂಎಫ್. ಅಂದರೆ ಮಿಡಿಯುವ ವಿದ್ಯುತ್ಕಾಂತ ಕ್ಷೇತ್ರದ ಚಿಕಿತ್ಸೆ. ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟಿ ಅಳಿಯುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಹಾಗಾಗಿ ಸುರುಳಿಯ ಹತ್ತಿರವಿರುವ ಅಂಗಾಂಶದಲ್ಲೂ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಮ್ಯಾಗ್ನೆಟ್ ಹಾಸಿಗೆ, ಮ್ಯಾಗ್ನೆಟ್ ಬೆಲ್ಟ್, ಮ್ಯಾಗ್ನೆಟ್ ಬಳೆಗಳಲ್ಲಿರುವುದು ಸ್ಥಿರ ಅಯಸ್ಕಾಂತ. ಅದರ ಕ್ಷೇತ್ರ ಬದಲಾಗುವುದಿಲ್ಲ. ಅದನ್ನು ತೊಟ್ಟು ಸುಮ್ಮನೆ ಮಲಗಿದವರ ಅಂಗಾಂಶದಲ್ಲಿ ಇಂಥ ವಿದ್ಯುತ್ ಮಿಡಿತ ಹುಟ್ಟುವುದಿಲ್ಲ. "ರಕ್ತದಲ್ಲಿರುವ ಕಬ್ಬಿಣವನ್ನು ಅಯಸ್ಕಾಂತ ಎಳೆಯುತ್ತದೆ" ಎನ್ನುವುದೂ ಸುಳ್ಳು. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಪುರಾವೆ ಎಲ್ಲಿದೆ?

ಮೂಳೆಯ ಮೇಲೆ ಒತ್ತಡ ಬಿದ್ದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂದು ಜಪಾನಿನ ಫುಕಾಡಾ ಮತ್ತು ಯಸುಡಾ 1957ರಲ್ಲಿ ವರದಿ ಮಾಡಿದರು. ಮುಂದೆ ಅಮೆರಿಕದ ಮೂಳೆ ತಜ್ಞ ಆಂಡ್ರ್ಯೂ ಬ್ಯಾಸೆಟ್ ಮತ್ತು ಜೊತೆಗಾರರು ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಮೂಳೆ ಕೂಡಿಸುವ ಪ್ರಯತ್ನ ಮಾಡಿದರು. 1979ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆ ಒಪ್ಪಿಗೆ ಬಹಳ ಕಾಲವಾದರೂ ಕೂಡದೇ ಉಳಿದ ಮುರಿತಗಳಿಗೆ. ಅದನ್ನು ಎಕ್ಸ್-ರೇ ನೋಡಿ ನಿರ್ಧರಿಸುವವರು ಮೂಳೆ ವೈದ್ಯರು. ಇಂಥ ಸಾಧನವನ್ನು ದಿನಕ್ಕೆ ಹಲವು ಗಂಟೆಯಂತೆ ತಿಂಗಳುಗಟ್ಟಲೆ ಧರಿಸಬೇಕಾಗುತ್ತದೆ.

ಹೊಸದಾಗಿ ಮುರಿದ ಮೂಳೆಗೆ? ಆಸ್ಟ್ರೇಲಿಯಾದ ವೈದ್ಯರು ಮೊಣಕಾಲ ಕೆಳಗಿನ ಮೂಳೆ ಮುರಿದ 259 ಜನರಲ್ಲಿ ನಿಜವಾದ ಯಂತ್ರವನ್ನೂ ಕೆಲಸ ಮಾಡದ ನಕಲಿಯನ್ನೂ ಹೋಲಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮತ್ತೆ ಆಪರೇಷನ್ ಬೇಕಾಗುವುದು ಯಂತ್ರದಿಂದ ಕಡಿಮೆಯಾಗಲಿಲ್ಲ.

ಕೀಲು ಸವೆತಕ್ಕೆ? ಕಾಕ್ರೇನ್ ಸಂಸ್ಥೆ 2013ರಲ್ಲಿ 9 ಅಧ್ಯಯನಗಳ 636 ಜನರ ಫಲಿತಾಂಶ ಒಟ್ಟುಗೂಡಿಸಿತು. 100 ಅಂಕದ ಅಳತೆಯಲ್ಲಿ ನೋವು ನಕಲಿ ಯಂತ್ರಕ್ಕಿಂತ ಸುಮಾರು 15 ಅಂಕ ಹೆಚ್ಚು ಇಳಿದಿತ್ತು. ನಡೆಯುವ, ಮೆಟ್ಟಿಲು ಹತ್ತುವಂಥ ಕೆಲಸಗಳಲ್ಲಿ ಖಚಿತ ಸುಧಾರಣೆ ಕಾಣಲಿಲ್ಲ. ಅಂದರೆ ಕೆಲವರಿಗೆ ನೋವು ಸ್ವಲ್ಪ ತಗ್ಗಬಹುದು. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎನ್ನಲು ಇದು ಆಧಾರವಲ್ಲ.

ಯಾರು ಬಳಸಬಾರದು?

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಇನ್ಸುಲಿನ್ ಪಂಪ್ ಇರುವವರು ಇದರಿಂದ ದೂರವಿರಬೇಕು. ಗರ್ಭಿಣಿಯರು ಬಳಸಬಾರದು. ಕ್ಯಾನ್ಸರ್ ಇರುವವರು, ಫಿಟ್ಸ್ ಬರುವವರು, ದೇಹದಲ್ಲಿ ರಾಡ್ ಅಥವಾ ಪ್ಲೇಟ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಕೊಳ್ಳುವುದೇ ಆದರೆ ಕೇಳಬೇಕಾದ ಪ್ರಶ್ನೆಗಳು

1. ಯಾವ ಕಾಯಿಲೆಗೆ? ವೈದ್ಯರು ರೋಗ ಪತ್ತೆ ಮಾಡಿದ ಮೇಲೆ, ಆ ಕಾಯಿಲೆಗೇ ಪರೀಕ್ಷಿಸಿದ ಯಂತ್ರವೇ ಎಂದು ಕೇಳಿ. ಒಂದೇ ಯಂತ್ರ ಮಂಡಿನೋವು, ಸಕ್ಕರೆ ಕಾಯಿಲೆ, ಲಕ್ವ ಎಲ್ಲವನ್ನೂ ಗುಣಪಡಿಸುತ್ತದೆ ಎಂದರೆ ಅಲ್ಲೇ ನಿಲ್ಲಿಸಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ.

2. ಅಳತೆಗಳೇನು? ಕ್ಷೇತ್ರದ ಬಲ ಎಷ್ಟು ಗಾಸ್, ಸೆಕೆಂಡಿಗೆ ಎಷ್ಟು ಮಿಡಿತ, ದಿನಕ್ಕೆ ಎಷ್ಟು ಹೊತ್ತು ಎಂಬುದು ಕೈಪಿಡಿಯಲ್ಲಿ ಬರೆದಿರಬೇಕು. ಭೂಮಿಯ ಕಾಂತಕ್ಷೇತ್ರವೇ ಸುಮಾರು ಅರ್ಧ ಗಾಸ್. ಹೆಚ್ಚು ಗಾಸ್ ಇದ್ದರೆ ಹೆಚ್ಚು ಗುಣ ಎಂಬ ನಿಯಮವೇನೂ ಇಲ್ಲ. ಅಧ್ಯಯನದಲ್ಲಿ ಬಳಸಿದ ಅಳತೆಗೆ ಹೊಂದುತ್ತದೆಯೇ ಎಂಬುದೇ ಮುಖ್ಯ. ಸುರುಳಿಯಿಂದ ದೂರ ಸರಿದಂತೆ ಬಲ ಬೇಗ ಕುಸಿಯುವುದರಿಂದ, ನೋವಿರುವ ಜಾಗಕ್ಕೆ ಪ್ಯಾಡ್ ಸರಿಯಾಗಿ ಕೂರುತ್ತದೆಯೇ ನೋಡಿ.

3. ಪರವಾನಗಿ ಇದೆಯೇ? 2017ರ ವೈದ್ಯಕೀಯ ಸಾಧನ ನಿಯಮಗಳು ಭಾರತದಲ್ಲಿ ಜಾರಿಯಲ್ಲಿವೆ. ಪೆಟ್ಟಿಗೆಯ ಮೇಲೆ ತಯಾರಿಕೆ ಅಥವಾ ಆಮದು ಪರವಾನಗಿ ಸಂಖ್ಯೆ ಹುಡುಕಿ. "ಎಫ್‌ಡಿಎ ನೋಂದಾಯಿತ" ಎಂದರೆ ಎಫ್‌ಡಿಎ ಪರೀಕ್ಷಿಸಿ ಒಪ್ಪಿದೆ ಎಂದರ್ಥವಲ್ಲ.

4. ಹಿಂದಿರುಗಿಸಬಹುದೇ? ಬಿಲ್, ವಾರಂಟಿ, ವಾಪಸಾತಿಯ ಷರತ್ತು ಬರಹದಲ್ಲಿರಲಿ. ಪರಿಚಯದವರೇ ಸರಪಳಿ ವ್ಯಾಪಾರದಲ್ಲಿ ಮಾರುತ್ತಿದ್ದರೂ ಇದನ್ನು ಬಿಡಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮೊದಲು ಏನು ಮಾಡಬೇಕು?

ಹುನಗುಂದ, ಬಾದಾಮಿಯ ತಾಲ್ಲೂಕು ಆಸ್ಪತ್ರೆ ಅಥವಾ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಮೊಣಕಾಲು ಸವೆತಕ್ಕೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಸುವುದಕ್ಕೆ ಯಂತ್ರಕ್ಕಿಂತ ಗಟ್ಟಿಯಾದ ಪುರಾವೆಯಿದೆ. ಮಗ್ಗದಲ್ಲಿ ಕೂರುವವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆದರೂ ಬಿಗಿತ ಸಡಿಲವಾಗುತ್ತದೆ. ಮೂಳೆ ಮುರಿದವರು ಬೀಡಿ, ಸಿಗರೇಟು ಬಿಟ್ಟರೆ ಮೂಳೆ ಕೂಡಲು ಅದೇ ದೊಡ್ಡ ಸಹಾಯ.

ಜ್ವರದ ಜೊತೆ ಕೀಲು ಊತ, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು, ಸಕ್ಕರೆ ಕಾಯಿಲೆಯವರ ಪಾದದಲ್ಲಿ ಮಾಯದ ಹುಣ್ಣು ಇದ್ದರೆ ಒಂದು ದಿನವೂ ಯಂತ್ರದ ಮೇಲೆ ಕಳೆಯದೆ ಆಸ್ಪತ್ರೆಗೆ ಹೋಗಿ. ಇಂಥ ಕಡೆ ಯಂತ್ರದಿಂದಾಗುವ ದೊಡ್ಡ ಹಾನಿ ತಡವಾಗುವುದೇ.

ಇಷ್ಟಾದ ಮೇಲೂ ವೈದ್ಯರ ಒಪ್ಪಿಗೆಯಿಂದ ಪ್ರಯತ್ನಿಸುವುದಾದರೆ, ಸಾಧ್ಯವಿದ್ದಲ್ಲಿ ಬಾಡಿಗೆಗೆ ತನ್ನಿ. ಬಳಸುವ ಮೊದಲು ಎರಡು ವಾರ, ಬಳಸುವಾಗ ಆರು ವಾರ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ದಿನವೂ ಒಂದು ಅಂಕ ಬರೆದಿಡಿ. ಎಷ್ಟು ದೂರ ನಡೆದಿರಿ, ಎಷ್ಟು ಮಾತ್ರೆ ತಗೊಂಡಿರಿ ಎಂಬುದನ್ನೂ ಬರೆಯಿರಿ. ಆರು ವಾರದ ಕೊನೆಗೆ ಅಂಕ ಇಳಿಯದಿದ್ದರೆ ಯಂತ್ರ ವಾಪಸು ಕೊಡಿ, ವ್ಯಾಯಾಮ ಮಾತ್ರ ಬಿಡಬೇಡಿ.