ನಾಟಕ ವಾಚನ

ನಾಟಕ ವಾಚನವೆಂಬುದು, ಹೆಚ್ಚಾಗಿ ನೂತನವಾಗಿ ರಚಿತವಾದ ನಾಟಕವನ್ನು ವೇಷಭೂಷಣ, ರಂಗಸಜ್ಜಿಕೆ ಹಾಗೂ ಪೂರ್ಣಾಭಿನಯಗಳಿಲ್ಲದೆ, ಕರ್ತೃವಾಗಲಿ ನಟವರ್ಗವಾಗಲಿ ಶ್ರೋತೃಗಳ ಸಮಕ್ಷದಲ್ಲಿ ಧ್ವನಿಯ ಏರಿಳಿತಗಳಿಂದಲೇ ಪ್ರಸ್ತುತಪಡಿಸುವ ರಂಗಪ್ರಕಾರ. ಶ್ರವಣಪ್ರಧಾನತೆಯಲ್ಲಿ, ಕಾವ್ಯದ ರಾಗಬದ್ಧ ವಾಚನವಾದ ಗಮಕಕ್ಕೆ ಸಮೀಪವಾದರೂ, ರಾಗವನ್ನುಳಿದು ಪಾತ್ರಭೇದವನ್ನೂ ಆಡುಮಾತಿನ ಲಯವನ್ನೂ ಆಶ್ರಯಿಸುವುದರಿಂದ ಇದು ಭಿನ್ನವಾದುದು. ಕನ್ನಡದಲ್ಲಿ ಇದರ ಅತ್ಯುಜ್ಜ್ವಲ ನಿದರ್ಶನ ಟಿ. ಪಿ. ಕೈಲಾಸಂ (1884–1946): ‘ಟೊಳ್ಳುಗಟ್ಟಿ’ಯ (1918) ಕರ್ತೃವಾದ ಇವರು, ನಾಟಕವನ್ನು ಲಿಪಿಗಿಳಿಸುವುದಕ್ಕೆ ಮುನ್ನವೇ ಮನಸ್ಸಿನಲ್ಲಿ ಸಮಗ್ರವಾಗಿ ಕಟ್ಟಿ, ಮಿತ್ರರೆದುರು ಸಕಲ ಪಾತ್ರಗಳನ್ನೂ ತಾವೇ ನುಡಿದು ತೋರುತ್ತಿದ್ದರು; ಅವರ ಹಲವು ಕೃತಿಗಳು ಅನ್ಯರು ಬರೆದುಕೊಂಡುದರಿಂದಲೇ ಉಳಿದುವೆಂಬುದು ಕನ್ನಡದ ಭಾಗ್ಯ. ಹವ್ಯಾಸಿ ತಂಡಗಳಲ್ಲಿಯೂ ರೆಪರ್ಟರಿಗಳಲ್ಲಿಯೂ ತಾಲೀಮಿನ ಪ್ರಥಮ ಘಟ್ಟವಾಗಿ ನಡೆಯುವ ವಾಚನವು, ಸಂಭಾಷಣೆಯ ಶೈಥಿಲ್ಯವನ್ನೂ ದೃಶ್ಯಗಳ ಅತಿವಿಸ್ತಾರವನ್ನೂ ಪ್ರಯೋಗದ ವೆಚ್ಚಕ್ಕೆ ಮುನ್ನವೇ ಗೋಚರವಾಗಿಸಿ, ಕರ್ತೃವಿಗೆ ಪರಿಷ್ಕಾರದ ಅವಕಾಶವನ್ನೀಯುತ್ತದೆ.